ಕಾರಣದ ಕಾಲಂ

ಹೈದರಾಬಾದಿನ ನಾರಾಯಣಗೂಡದ ಆ ಕಾಲೇಜಿನಲ್ಲಿ ಸೂರ್ಯಕಾಂತನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಪ್ರಿನ್ಸಿಪಾಲರಿಂದ ಗೇಟಿನ ವಾಚ್‌ಮನ್‌ವರೆಗೆ ಎಲ್ಲರ ಬಾಯಲ್ಲೂ ಅವನು ಪಿ.ಡಿ. ಸಾಬ್. ಸೇಡಂ ಕಡೆಯವನು, ಇಪ್ಪತ್ತಾರು ವರ್ಷದಿಂದ ಇಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ. ಆಫೀಸಿನಲ್ಲಿ ತೆಲುಗು, ಮೈದಾನದಲ್ಲಿ ಹಿಂದಿ, ಸಿಟ್ಟು ನೆತ್ತಿಗೇರಿದಾಗ ಮಾತ್ರ ಕನ್ನಡ. ಕೊರಳಲ್ಲಿ ಸೀಟಿ, ಕಂಕುಳಲ್ಲಿ ಫೈಲು. ಆ ಫೈಲಿನ ಮೇಲೆ ಅವನಿಗೆ ಸೀಟಿಗಿಂತ ಹೆಚ್ಚು ಅಭಿಮಾನ.

ಫೈಲಿನೊಳಗೆ ಇರುತ್ತಿದ್ದದ್ದು ಟೂರ್ನಮೆಂಟಿನ ಎಂಟ್ರಿ ಫಾರಂಗಳು. ಕೊನೆಯ ತಾರೀಖಿನೊಳಗೆ ಕೈಗೆ ಸಿಕ್ಕ ಹನ್ನೆರಡು ಹೆಸರು ಬರೆದು ಕಳಿಸಿಬಿಡುವುದು, ಪಂದ್ಯದ ದಿನ ಬೆಳಿಗ್ಗೆ ಕಾಲೇಜಿನ ಮೊಹರು ಒತ್ತಿದ ಹೊಸ ಪಟ್ಟಿ ಒಯ್ದು ನಿಜವಾದ ಆಟಗಾರರ ಹೆಸರು ಸೇರಿಸುವುದು. ಸಂಘಟಕರು ಮೂಗು ಮುರಿದರೂ ಪಟ್ಟಿ ತೆಗೆದುಕೊಳ್ಳುತ್ತಿದ್ದರು, ಏಕೆಂದರೆ ಎಲ್ಲ ಕಾಲೇಜಿನವರೂ ಹಾಗೆಯೇ ಮಾಡುತ್ತಿದ್ದರು. ಟಾಸ್ ಆಗುವ ತನಕ ಯಾವ ಪಟ್ಟಿಯೂ ಕೊನೆಯದಲ್ಲ ಎಂದು ಸೂರ್ಯಕಾಂತ ಹೊಸ ಮೇಷ್ಟ್ರುಗಳಿಗೆ ಪಾಠ ಹೇಳುತ್ತಿದ್ದ. ಇಪ್ಪತ್ತಾರು ವರ್ಷ ಈ ಬುದ್ಧಿವಂತಿಕೆ ಅವನ ಕೈ ಹಿಡಿದಿತ್ತು. ಇಪ್ಪತ್ತೇಳನೆಯ ವರ್ಷ ಕೈ ಕೊಟ್ಟಿತು, ಮತ್ತು ಅದರ ಪೆಟ್ಟು ಬಿದ್ದದ್ದು ಅವನಿಗಲ್ಲ, ಗದಿಗೆಮ್ಮನಿಗೆ.

ಗದಿಗೆಮ್ಮ ಸ್ಪೋರ್ಟ್ಸ್ ರೂಮಿನ ಅಟೆಂಡರ್. ಗುರುಮಠಕಲ್ ಕಡೆಯ ಹಳ್ಳಿಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಬಂದವಳು. ಕಾಲೇಜಿನ ಹೊಸ ಕಟ್ಟಡ ಎದ್ದಾಗ ಅದಕ್ಕೆ ಇಟ್ಟಿಗೆ ಹೊತ್ತಿದ್ದಳು. ಕಟ್ಟಡ ಮುಗಿಯಿತು, ಗಂಡ ತೀರಿಕೊಂಡ, ಆಕೆ ಅದೇ ಕಟ್ಟಡದ ನೆಲಮಹಡಿಯ ಕೋಣೆಯೊಂದರ ಕೀಲಿ ಹಿಡಿದು ಕುಳಿತಳು. ಅವಳಿಗೆ ಆ ಕೆಲಸ ಕೊಡಿಸಿದ್ದು ಸೂರ್ಯಕಾಂತನೇ. ಆಕೆ ಅವನಿಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು, ತನ್ನ ಕಡೆಯವಳು ಬೇರೆ, ಹಾಗಾಗಿ ಅವನು ಅಕ್ಕಾ ಎನ್ನುತ್ತಿದ್ದ. ಆಕೆ ಅವನನ್ನು ಸರ್ರೀ ಎನ್ನುತ್ತಿದ್ದಳು.

ಚೆಂಡು, ಬ್ಯಾಟು, ನೆಟ್ಟು ಯಾರು ಒಯ್ದರು, ಯಾರು ತಂದರು ಎಂದು ಬರೆದಿಡಲು ಕಾಲೇಜು ಒಂದು ಉದ್ದನೆಯ ನೋಟ್‌ಬುಕ್ ಕೊಟ್ಟಿತ್ತು. ಹೆಸರು, ತಾರೀಖು, ಒಯ್ದ ಸಾಮಾನು, ವಾಪಸು ಬಂದದ್ದು, ಇಷ್ಟೇ ನಾಲ್ಕು ಕಾಲಂ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆ ಓದಿದ್ದ ಗದಿಗೆಮ್ಮ ಇದನ್ನು ಕನ್ನಡದಲ್ಲೇ ಬರೆಯುತ್ತಿದ್ದಳು. ಸೂರ್ಯಕಾಂತ ಬಿಟ್ಟರೆ ಬೇರೆ ಯಾರಿಗೂ ಓದಲು ಬಾರದು, ಓದುವ ಗರಜೂ ಯಾರಿಗೂ ಇರಲಿಲ್ಲ. ಎರಡನೆಯ ವರ್ಷವೋ ಏನೋ, ಆಕೆ ಸ್ಕೇಲು ಇಟ್ಟು ಪ್ರತಿ ಪುಟದಲ್ಲೂ ಐದನೆಯ ಕಾಲಂ ಎಳೆದಳು. ಬರೋದು ಬಿಟ್ಟ ಕಾರಣ.

ಆಟಕ್ಕೆ ಬರುತ್ತಿದ್ದ ಹುಡುಗಿ ಇದ್ದಕ್ಕಿದ್ದ ಹಾಗೆ ಬರುವುದು ನಿಂತರೆ ಗದಿಗೆಮ್ಮ ಅವಳನ್ನು ಹುಡುಕಿಕೊಂಡು ಹೋಗುತ್ತಿದ್ದಳು. ಕ್ಲಾಸಿನ ಬಾಗಿಲಲ್ಲಿ, ಬಸ್‌ಸ್ಟಾಪಿನಲ್ಲಿ, ಒಂದೆರಡು ಸಲ ಮನೆಗೇ. ಯಾಕೆ ಬಿಟ್ಟೆ ಎಂದು ಕೇಳುವಳು, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುವಳು. ಹೇಳದಿದ್ದರೆ ಜಾಗ ಖಾಲಿ ಬಿಟ್ಟು ಮತ್ತೊಮ್ಮೆ ಹೋಗುವಳು. ಬೂಟು ಹರಿದಿತ್ತು. ಐದು ಗಂಟೆ ಬಸ್ಸು ತಪ್ಪುತ್ತದೆ. ಅಣ್ಣ ಮೈದಾನಕ್ಕೆ ಬಂದು ಬೈದ. ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಇಲ್ಲ.

ಒಂದು ದಿನ ಸೂರ್ಯಕಾಂತ, ಇದೆಲ್ಲ ಯಾಕೆ ತಲೆನೋವು, ನಿನಗೇ ಗೊತ್ತಿರುತ್ತದಲ್ಲ, ಅಂದಾಜು ಮಾಡಿ ಬರೆದುಬಿಡು ಎಂದಿದ್ದ. ಆಕೆ ತಲೆ ಅಲ್ಲಾಡಿಸಿದಳು.

“ನಮಗ ಗೊತ್ತಿದ್ರೂ ಬರೀಬಾರದ್ರಿ ಸರ್ರೀ. ಕೇಳೇ ಬರೀಬೇಕು. ನಾ ಏಳನೇತ್ತಿನ್ಯಾಗ ತಾಲೂಕಿಗೆ ಖೋಖೋ ಆಡಿದಾಕಿ. ಬರೋದು ನಿಂತಾಗ ಮಾಸ್ತರು ಹೆಸರು ಹೊಡದು ಹಾಕಿದ್ರು. ಯಾಕ ಬರಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ.”

ಹದಿನೆಂಟು ವರ್ಷದಲ್ಲಿ ಅಂಥ ನೋಟ್‌ಬುಕ್ಕು ಏಳಾದವು. ಬಿಟ್ಟುಹೋದ ಹುಡುಗಿಯರ ಹೆಸರಿಗೆ ಆಕೆ ಕೆಂಪು ಪೆನ್ನಿನಿಂದ ನಂಬರು ಹಾಕುತ್ತಿದ್ದಳು. ಆರುನೂರು ದಾಟಿತ್ತು.

ಸೂರ್ಯಕಾಂತನಿಗೆ ಆ ನೋಟ್‌ಬುಕ್ಕುಗಳ ಬೆಲೆ ಗೊತ್ತಾದದ್ದು ಬಡ್ತಿಯ ವಿಷಯ ಬಂದಾಗ. ಐವತ್ತರ ಮೇಲಾದರೂ ಅವನ ಹೆಸರಿನಲ್ಲಿ ಒಂದೇ ಒಂದು ಸಂಶೋಧನೆ ಇರಲಿಲ್ಲ. ಮ್ಯಾನೇಜ್‌ಮೆಂಟ್ ವಿಭಾಗದ ಮುಖ್ಯಸ್ಥ ಗೋಪಿನಾಥರು ಕ್ರೀಡಾ ನಿರ್ವಹಣೆಯ ಸಮ್ಮೇಳನವೊಂದು ಈ ಸಲ ಹೈದರಾಬಾದಿನಲ್ಲೇ, ಕೊಂಡಾಪುರದ ಹೋಟೆಲೊಂದರಲ್ಲಿ ನಡೆಯಲಿದೆ ಎಂದು ಹೇಳಿ, ಏನಾದರೂ ಇದ್ದರೆ ಇಬ್ಬರೂ ಸೇರಿ ಬರೆಯೋಣ ಎಂದರು. ಮೊದಲು ನಾನೂರು ಪದದ ಅಬ್‌ಸ್ಟ್ರಾಕ್ಟ್ ಕಳಿಸಬೇಕು, ಅಂದರೆ ಏನು ಹುಡುಕಿದೆವು, ಹೇಗೆ ಹುಡುಕಿದೆವು, ಏನು ಸಿಕ್ಕಿತು ಎಂಬುದರ ಸಾರ. ಅದು ಒಪ್ಪಿಗೆಯಾದರೆ ವೇದಿಕೆಯ ಮೇಲೆ ಹನ್ನೆರಡು ನಿಮಿಷ.

ಹುಡುಗಿಯರು ಆಟ ಯಾಕೆ ಬಿಡುತ್ತಾರೆ ಎಂದು ಸೂರ್ಯಕಾಂತ ಮೊದಲು ಒಂದು ಪ್ರಶ್ನಾವಳಿ ಹಂಚಿದ. ಇನ್ನೂರು ಜನ ತುಂಬಿ ಕೊಟ್ಟರು. ಇನ್ನೂರು ಜನರೂ ಓದಿನ ಒತ್ತಡ ಎಂದು ಬರೆದಿದ್ದರು. ಗೋಪಿನಾಥರು ಅದನ್ನು ನೋಡಿ ಇದರಲ್ಲಿ ಹೊಸದೇನಿದೆ ಎಂದು ಪಕ್ಕಕ್ಕಿಟ್ಟರು. ಆಗ ಸೂರ್ಯಕಾಂತ ಏಳು ನೋಟ್‌ಬುಕ್ಕುಗಳನ್ನು ಹೊತ್ತು ತಂದು ಅವರ ಮೇಜಿನ ಮೇಲಿಟ್ಟ.

ಎರಡು ತಿಂಗಳು ಮೂವರೂ ಸ್ಪೋರ್ಟ್ಸ್ ರೂಮಿನಲ್ಲಿ ಕುಳಿತರು. ಗದಿಗೆಮ್ಮ ಓದುವಳು, ಸೂರ್ಯಕಾಂತ ಇಂಗ್ಲಿಷಿನಲ್ಲಿ ಹೇಳುವನು, ಗೋಪಿನಾಥರು ಲ್ಯಾಪ್‌ಟಾಪಿನಲ್ಲಿ ತುಂಬುವರು. ಮುಖ್ಯವಾದ ಮಾತು ಆಡಿದವಳೂ ಆಕೆಯೇ. ಒಂದು ಮಧ್ಯಾಹ್ನ ಚಹಾ ಲೋಟ ಕೆಳಗಿಟ್ಟು, ಯಾವ ವರ್ಷ ಚಿಲಕ ಇತ್ತೋ ಆ ವರ್ಷ ಬಿಟ್ಟವರು ಹದಿನೆಂಟು ಇಪ್ಪತ್ತು, ಚಿಲಕ ಮುರಿದ ವರ್ಷದಿಂದ ಐವತ್ತು ಅರವತ್ತು, ನೀವೇ ಎಣಿಸಿ ನೋಡಿ ಎಂದಳು. ಎಣಿಸಿದರು. ಹಾಗೆಯೇ ಇತ್ತು. ಗೋಪಿನಾಥರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಸೂರ್ಯಕಾಂತ ಮಾತ್ರ ಪುಟದಿಂದ ತಲೆ ಎತ್ತಲಿಲ್ಲ. ಚಿಲಕ ಮುರಿದು ಎಂಟು ವರ್ಷವಾಗಿತ್ತು. ಆಕೆ ಮೂರು ಸಲ ಹೇಳಿದ್ದಳು. ಆಫೀಸಿಗೆ ಬರೀತೀನಿ ಎಂದು ಮೂರು ಸಲವೂ ಇವನೇ ಹೇಳಿದ್ದ. ಒಂದು ಸಲ ಬರೆದಿದ್ದ ಕೂಡ.

ಆ ದಿನವೇ ಅವನು ಆಕೆಗೆ ಮಾತು ಕೊಟ್ಟದ್ದು. ಕೊಡು ಎಂದು ಆಕೆ ಕೇಳಿರಲಿಲ್ಲ.

“ಅಕ್ಕಾ, ಇದರಾಗ ನಿನ್ನ ಹೆಸರೂ ಬರ್ತದ. ಗೋಪಿನಾಥ ಸಾರಂದು, ನಂದು, ನಿಂದು. ಮೂರು ಹೆಸರು. ಎರಡು ಫೋಟೋ ತಂದು ಕೊಡು.”

ಫೋಟೋ ಯಾಕೆಂದರೆ ಟೂರ್ನಮೆಂಟಿಗೆ ಬೇಕಾಗುತ್ತಿತ್ತು, ಅಷ್ಟೇ. ಸಮ್ಮೇಳನದವರು ಯಾರ ಫೋಟೋವನ್ನೂ ಕೇಳಿರಲಿಲ್ಲ. ಗದಿಗೆಮ್ಮ ಅಬಿಡ್ಸಿಗೆ ಬಸ್ಸು ಹಿಡಿದು ಹೋಗಿ, ಅಂಚೆ ಕಚೇರಿಯ ಹತ್ತಿರದ ಸ್ಟುಡಿಯೋದಲ್ಲಿ ತಲೆ ಬಾಚಿಸಿಕೊಂಡು ಕುಳಿತು ಎಂಟು ಫೋಟೋ ತೆಗೆಸಿ ತಂದಳು. ಎರಡು ಅವನಿಗೆ ಕೊಟ್ಟು, ಉಳಿದದ್ದನ್ನು ಏನು ಮಾಡಲಿ ಎಂದು ಕೇಳಿದಳು. ಇನ್ನು ಮೇಲೆ ಬಹಳ ಕಡೆ ಬೇಕಾಗುತ್ತದೆ, ಇಟ್ಟುಕೊ ಎಂದು ಸೂರ್ಯಕಾಂತ ನಕ್ಕ. ಆ ನಗು ನೆನಪಾದಾಗ ಈಗ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತದೆ.

ಅಬ್‌ಸ್ಟ್ರಾಕ್ಟ್ ಕಳಿಸಲು ಕೊನೆಯ ದಿನ ಸಂಜೆ ಐದು ಗಂಟೆ ಗಡುವು. ಗೋಪಿನಾಥರು ರಜೆಯ ಮೇಲಿದ್ದರು. ಸೂರ್ಯಕಾಂತ ಕಂಪ್ಯೂಟರ್ ಲ್ಯಾಬಿನಲ್ಲಿ ನಾಲ್ಕೂಕಾಲಿಗೆ ಕುಳಿತ. ಮೊದಲ ಸೂಚನೆಯೇ ವಿಚಿತ್ರವಾಗಿತ್ತು. ಕಳಿಸುವ ಕಡತದೊಳಗೆ ಬರೆದವರ ಹೆಸರು ಎಲ್ಲಿಯೂ ಇರಬಾರದಂತೆ, ಇದ್ದರೆ ತಿರಸ್ಕಾರವಂತೆ. ಯಾರು ಬರೆದದ್ದೆಂದು ಗೊತ್ತಿಲ್ಲದೆ ಪರೀಕ್ಷಿಸುವುದು ಅವರ ಪದ್ಧತಿ. ಸೂರ್ಯಕಾಂತನಿಗೆ ಇದು ಬೇರೆಯೇ ರೀತಿಯಲ್ಲಿ ಅರ್ಥವಾಯಿತು. ನೋಡು, ಇವರಿಗೂ ಈಗಲೇ ಹೆಸರು ಬೇಡ, ಎಲ್ಲ ಆಮೇಲೆ ಎಂದುಕೊಂಡ.

ಆದರೆ ಫಾರಂ ಮುಂದುವರಿದಾಗ ಪ್ರತಿಯೊಬ್ಬ ಲೇಖಕರ ಹೆಸರು, ಅಡ್ಡಹೆಸರು, ಇಮೇಲ್, ಹುದ್ದೆ, ಪದವಿ ಬೇರೆಯಾಗಿ ಕೇಳಿತು. ಗೋಪಿನಾಥರದ್ದು ತುಂಬಿದ, ತನ್ನದು ತುಂಬಿದ. ಗದಿಗೆಮ್ಮನ ಹತ್ತಿರ ಇಮೇಲ್ ಇರಲಿಲ್ಲ. ಅಡ್ಡಹೆಸರು ಏನೆಂದು ಇವನಿಗೆ ಗೊತ್ತಿರಲಿಲ್ಲ. ಪದವಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿನದೇ ಬಿ.ಎ. ಖಾಲಿ ಬಿಟ್ಟು ಒತ್ತಿದರೆ ಪರದೆಯ ಮೇಲೆ ಕೆಂಪು ಗೆರೆ ಮೂಡುತ್ತಿತ್ತು. ಮೂರು ಸಲ ಒತ್ತಿದ, ಮೂರು ಸಲವೂ ಕೆಂಪು. ನಾಲ್ಕು ಮುಕ್ಕಾಲಾಗಿತ್ತು. ಸ್ಪೋರ್ಟ್ಸ್ ರೂಮು ಮೂವತ್ತು ಹೆಜ್ಜೆ ದೂರ, ಆಕೆ ಅಲ್ಲೇ ಇದ್ದಳು, ಹೋಗಿ ಅಡ್ಡಹೆಸರು ಕೇಳಬಹುದಿತ್ತು. ಒಂದು ಇಮೇಲ್ ಮಾಡಿಕೊಡಲು ಐದು ನಿಮಿಷ ಸಾಕಿತ್ತು. ಪದವಿಯ ಬಗ್ಗೆ ಸಮ್ಮೇಳನದವರಿಗೆ ಒಂದು ಫೋನು ಮಾಡಬಹುದಿತ್ತು. ಸೂರ್ಯಕಾಂತ ಹಾಗೆ ಮಾಡಲಿಲ್ಲ. ಎರಡು ಹೆಸರಿನಲ್ಲಿ ಎಂಟ್ರಿ ಹೋಗಲಿ, ಸಮ್ಮೇಳನದ ದಿನ ಬೆಳಿಗ್ಗೆ ಮೊಹರು ಹಾಕಿ ಪಟ್ಟಿ ಕೊಟ್ಟರಾಯಿತು ಎಂದು ಮೂರನೆಯ ಸಾಲನ್ನು ಅಳಿಸಿ ಗುಂಡಿ ಒತ್ತಿಬಿಟ್ಟ. ಕೆಂಪು ಗೆರೆ ಹೋಯಿತು. ಅವನಿಗೆ ಹಾಯೆನಿಸಿತು.

ಏಳು ವಾರದ ನಂತರ ಒಪ್ಪಿಗೆಯ ಪತ್ರ ಬಂತು. ನಿಮ್ಮ ಅಬ್‌ಸ್ಟ್ರಾಕ್ಟನ್ನು ಸ್ವೀಕರಿಸಲು ಸಂತೋಷವಾಗುತ್ತದೆ ಎಂಬ ಮೊದಲ ಸಾಲು ಓದಿ ಸೂರ್ಯಕಾಂತ ಮಿಠಾಯಿ ಅಂಗಡಿಗೆ ಹೋದ. ಎರಡನೆಯ ಪುಟದಲ್ಲಿ, ಲೇಖಕರ ಹೆಸರಿನಲ್ಲಿ ತಿದ್ದುಪಡಿ ಇದ್ದರೆ ಏಳು ದಿನದೊಳಗೆ ತಿಳಿಸಿ, ಆಮೇಲೆ ಬದಲಾವಣೆ ಇಲ್ಲ ಎಂದು ದಪ್ಪ ಅಕ್ಷರದಲ್ಲಿತ್ತು. ಅವನು ಅದನ್ನು ಓದಿದ್ದು ಎಲ್ಲ ಮುಗಿದ ಮೇಲೆ. ಆ ದಿನ ಅವನು ಮಾಡಿದ್ದು ಎಂದರೆ ಗದಿಗೆಮ್ಮನ ಕೈಗೆ ಎರಡು ಲಾಡು ಇಟ್ಟು, ಆಯ್ಕೆಯಾತು ಅಕ್ಕಾ ಎಂದದ್ದು. ಆಕೆ ಒಂದು ಲಾಡು ತಿಂದು ಒಂದನ್ನು ಮಗಳಿಗೆಂದು ಸೆರಗಿನಲ್ಲಿ ಕಟ್ಟಿಕೊಂಡಳು.

ಮಗಳು ಸುವರ್ಣಾ ಕೊಂಡಾಪುರದ ಐಟಿ ಕಚೇರಿಯೊಂದರಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ತಾಯಿ ಮಗಳು ಇರುವುದೂ ಅಲ್ಲೇ, ಅಪಾರ್ಟ್‌ಮೆಂಟುಗಳ ಹಿಂದಿನ ಎರಡು ಕೋಣೆಯ ಮನೆಯಲ್ಲಿ. ಸಮ್ಮೇಳನದ ಹೋಟೆಲು ಅವರ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆ ಬೆಳಿಗ್ಗೆ ಸೂರ್ಯಕಾಂತ ಆಟೋ ಇಳಿದಾಗ ತಾಯಿ ಮಗಳು ಆಗಲೇ ಬಂದು ಬಾಗಿಲ ಪಕ್ಕ ನಿಂತಿದ್ದರು. ಗದಿಗೆಮ್ಮ ಮಡಿಕೆಯ ಗೆರೆ ಇನ್ನೂ ಹೋಗದ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಸುವರ್ಣಾ ಅರ್ಧ ದಿನ ರಜೆ ಹಾಕಿದ್ದಳು.

ಸೂರ್ಯಕಾಂತ ನೆಟ್ಟಗೆ ನೋಂದಣಿ ಮೇಜಿಗೆ ಹೋಗಿ ಫೈಲಿನಿಂದ ಒಂದು ಹಾಳೆ ತೆಗೆದುಕೊಟ್ಟ. ಟೈಪು ಮಾಡಿದ ಮೂರು ಹೆಸರು, ಮೂರನೆಯದರ ಮುಂದೆ ಅಂಟಿಸಿದ ಫೋಟೋ, ಕೆಳಗೆ ಸಹಿ, ಅದರ ಮೇಲೆ ಕಾಲೇಜಿನ ನೇರಳೆ ಮೊಹರು. ಮೇಜಿನ ಹಿಂದಿದ್ದ ಹುಡುಗಿ ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇದು ಏನು ಸರ್ ಎಂದು ಕೇಳಿದಳು. ಫೈನಲ್ ಲಿಸ್ಟ್ ಎಂದ ಸೂರ್ಯಕಾಂತ. ಅವಳು ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಸಮ್ಮೇಳನದ ಪುಸ್ತಕ ಆಗಲೇ ಅಚ್ಚಾಗಿದೆ, ಲೇಖಕರ ಹೆಸರು ಸೇರಿಸಲು ಬರುವುದಿಲ್ಲ, ಇವರು ಬೇಕಾದರೆ ಸಂದರ್ಶಕರಾಗಿ ಕೂರಬಹುದು ಎಂದು ಮರ್ಯಾದೆಯಿಂದಲೇ ಹೇಳಿದಳು. ಟೂರ್ನಮೆಂಟಿನವರ ಹಾಗೆ ಬೈದಿದ್ದರೆ ಸೂರ್ಯಕಾಂತ ಜಗಳ ತೆಗೆಯುತ್ತಿದ್ದ. ಮರ್ಯಾದೆಯ ಮುಂದೆ ಅವನು ಹಾಳೆಯನ್ನು ಮತ್ತೆ ಫೈಲಿಗೆ ಸೇರಿಸಿದ. ಅಷ್ಟರಲ್ಲಿ ಗೋಪಿನಾಥರು ಬಂದರು. ಇವರು ಯಾರು ಎಂದು ಆ ಹುಡುಗಿ ಕೇಳಿದ್ದಕ್ಕೆ, ನಮ್ಮ ಕಾಲೇಜಿನ ಅಟೆಂಡರ್, ನೋಡಲು ಬಂದಿದ್ದಾರೆ ಎಂದರು. ಸೂರ್ಯಕಾಂತ ಅದಕ್ಕೆ ತಲೆ ಆಡಿಸಿದ.

ಹಳದಿ ಪಟ್ಟಿಯ ಬಿಲ್ಲೆಯೊಂದನ್ನು ಗದಿಗೆಮ್ಮನ ಕೊರಳಿಗೆ ಹಾಕಿದರು. ಹೆಸರಿನ ಜಾಗದಲ್ಲಿ ಹೆಸರಿರಲಿಲ್ಲ, ಸಂದರ್ಶಕರು ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಆಕೆ ಸುವರ್ಣಾಳಿಂದ ಓದಿಸಿಕೊಂಡು, ಇರಲಿ ಬಿಡ್ರಿ ಎಂದು ಒಳಗೆ ನಡೆದಳು.

ಇಲ್ಲಿಯವರೆಗೆ ಆದದ್ದನ್ನು ತಪ್ಪು ಎನ್ನಬಹುದು. ತಿಳಿಯದೆ ಆದದ್ದು, ಆತುರದಲ್ಲಿ ಆದದ್ದು, ಯಾರಿಗಾದರೂ ಆಗುವಂಥದ್ದು. ಇದಕ್ಕೆ ಸೂರ್ಯಕಾಂತ ತನ್ನನ್ನು ತಾನು ಎಂದೋ ಕ್ಷಮಿಸಿಕೊಂಡಿರುತ್ತಿದ್ದ. ಮುಂದಿನದಕ್ಕೆ ಅವನ ಹತ್ತಿರ ನೆಪವಿಲ್ಲ.

ಹನ್ನೆರಡು ನಿಮಿಷ ಚೆನ್ನಾಗಿಯೇ ಆಯಿತು. ಚಿಲಕ ಇದ್ದ ವರ್ಷಗಳು, ಇಲ್ಲದ ವರ್ಷಗಳು ಎಂದು ಎರಡು ಗೆರೆಗಳನ್ನು ಪರದೆಯ ಮೇಲೆ ತೋರಿಸಿದಾಗ ಸಭೆಯಲ್ಲಿ ಗುಜುಗುಜು ಎದ್ದಿತು. ಗೋಷ್ಠಿಯ ಅಧ್ಯಕ್ಷೆ ಡಾಕ್ಟರ್ ಕಮಲಾಕ್ಷಿ ಎಂಬ ಹಿರಿಯ ವಿದ್ವಾಂಸರು. ಅವರು ಕನ್ನಡಕ ತೆಗೆದು, ಮೂವತ್ತು ವರ್ಷ ನಾನು ಫಾರಂ ಹಂಚಿದ್ದೇನೆ, ಇಂಥ ಉತ್ತರ ಒಂದೂ ನನಗೆ ಸಿಕ್ಕಿಲ್ಲ, ಆ ಹುಡುಗಿಯರನ್ನು ಕೇಳಿದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಕೇಳಿದವರು ಯಾರು. ಇಷ್ಟು ಸರಳವಾದ ಪ್ರಶ್ನೆಯನ್ನು ಸೂರ್ಯಕಾಂತನಿಗೆ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಹಿಂದಿನಿಂದ ಮೂರನೆಯ ಸಾಲಿನಲ್ಲಿ ಹಸಿರು ಸೀರೆ ಅವನಿಗೆ ಕಾಣುತ್ತಿತ್ತು. ಕೈ ತೋರಿಸಿದ್ದರೆ ಸಾಕಿತ್ತು, ಎಲ್ಲರೂ ತಿರುಗಿ ನೋಡುತ್ತಿದ್ದರು. ಆದರೆ ಏಳನೆಯ ತರಗತಿ ಓದಿದ ಅಟೆಂಡರ್ ಎಂದರೆ ಇವರು ನಂಬುವುದಿಲ್ಲ, ಹಾಗಾದರೆ ಪುಸ್ತಕದಲ್ಲಿ ಅವರ ಹೆಸರು ಯಾಕಿಲ್ಲ ಎಂದು ಕೇಳುತ್ತಾರೆ, ಬರಬೇಕಾದ ಬಡ್ತಿ ಹೋಗುತ್ತದೆ ಎಂದೆಲ್ಲ ಅವನ ತಲೆಯಲ್ಲಿ ಒಂದೇ ಕ್ಷಣದಲ್ಲಿ ಸುಳಿಯಿತು. ಪಕ್ಕದಲ್ಲಿ ಗೋಪಿನಾಥರು ತಮ್ಮ ಟೈ ಸರಿಮಾಡಿಕೊಂಡರು.

ನಮ್ಮ ವಿಭಾಗವೇ ಸಂಗ್ರಹಿಸಿದ್ದು, ಮೇಡಂ ಎಂದ ಸೂರ್ಯಕಾಂತ.

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಗದಿಗೆಮ್ಮ ಮಗಳ ಕಡೆ ಬಾಗಿ ಏನೋ ಕೇಳಿದ್ದು, ಸುವರ್ಣಾ ಅವಳ ಕಿವಿಯಲ್ಲಿ ಹೇಳಿದ್ದು, ಆಕೆ ಮತ್ತೆ ನೆಟ್ಟಗೆ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ್ದು, ಎಲ್ಲವೂ ಅವನಿಗೆ ಕಂಡಿತು.

ಊಟದ ಹೊತ್ತಿನಲ್ಲಿ ಸುವರ್ಣಾ ಕೆಲಸಕ್ಕೆ ಹೊರಟುಹೋಗಿದ್ದಳು. ಹೋಗುವಾಗ ಅವನಿಗೆ ಹೇಳಿ ಹೋಗಲಿಲ್ಲ. ಗದಿಗೆಮ್ಮ ತಟ್ಟೆ ಹಿಡಿದು ಗೋಡೆಯ ಹತ್ತಿರ ನಿಂತಿದ್ದಳು. ಸೂರ್ಯಕಾಂತ ಹೋಗಿ, ಹೆಸರು ಸೇರಿಸಲು ಆಗಲಿಲ್ಲ ಅಕ್ಕಾ, ಅವರ ರೂಲ್ಸು ಹಾಗೆ, ಮುಂದಿನ ಸಲ ಖಂಡಿತ ಎಂದು ಏನೇನೋ ಹೇಳಿದ. ಆಕೆ ಎಲ್ಲ ಕೇಳಿಸಿಕೊಂಡಳು.

“ಛಲೋ ಹೇಳಿದ್ರಿ ಸರ್ರೀ,” ಎಂದಳು. ಆಮೇಲೆ ತಟ್ಟೆ ಕೆಳಗಿಟ್ಟು, “ಈಗರೆ ಆ ಚಿಲಕ ಹಾಕಸ್ತೀರೇನ್ರಿ?”

ಸೋಮವಾರವೇ ಬಡಗಿ ಬಂದ. ಹೊಸ ಚಿಲಕ ಹಾಕಲು ಅವನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಗದಿಗೆಮ್ಮ ಪಕ್ಕದಲ್ಲಿ ನಿಂತು ಎರಡು ಸಲ ಹಾಕಿ ತೆಗೆದು ನೋಡಿದಳು. ಆ ವಾರ ಪೂರ್ತಿ ದಿನದ ಹಾಗೆ ಬಂದಳು, ಚೆಂಡಿಗೆ ಗಾಳಿ ತುಂಬಿಸಿದಳು, ನೆಟ್ಟು ಹೊಲಿದಳು. ಮುಂದಿನ ಸೋಮವಾರ ಬರಲಿಲ್ಲ. ಕೀಲಿ ಗೊಂಚಲು ವಾಚ್‌ಮನ್ ಹತ್ತಿರ ಇತ್ತು. ರಿಟೈರಾಗಲು ಅವಳಿಗೆ ಇನ್ನೂ ಎರಡು ವರ್ಷವಿತ್ತು.

ಮೈಯಲ್ಲಿ ಹುಷಾರಿಲ್ಲವೇನೋ ಎಂದು ಸೂರ್ಯಕಾಂತ ನಾಲ್ಕು ದಿನ ಸುಮ್ಮನಿದ್ದ. ಐದನೆಯ ದಿನ ವಾಲಿಬಾಲ್ ಕೊಡಲು ಏಳನೆಯ ನೋಟ್‌ಬುಕ್ ತೆರೆದಾಗ ಕೊನೆಯ ಪುಟ ಕಣ್ಣಿಗೆ ಬಿತ್ತು. ಕೆಂಪು ಪೆನ್ನಿನಲ್ಲಿ ನಂಬರು, ಆರುನೂರ ಹದಿಮೂರು. ಅದರ ಮುಂದೆ ಅದೇ ದುಂಡು ಅಕ್ಷರದಲ್ಲಿ, ಹೆಸರು: ಗದಿಗೆಮ್ಮ. ತಾರೀಖು: ಹೋದ ಶನಿವಾರದ್ದು. ಒಯ್ದ ಸಾಮಾನು: ಕೀಲಿ ಗೊಂಚಲು. ವಾಪಸು: ಬಂತು. ಐದನೆಯ ಕಾಲಂ ಖಾಲಿ ಇತ್ತು.

ಅವನು ವಾಲಿಬಾಲನ್ನು ಕೆಳಗಿಟ್ಟ. ಪೆನ್ನು ತೆಗೆದು ತಾನೇ ಬರೆಯಲು ಹೋದ. ಕಾರಣ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೆ ಕೈ ಮುಂದುವರಿಯಲಿಲ್ಲ. ನಮಗೆ ಗೊತ್ತಿದ್ದರೂ ಬರೆಯಬಾರದು, ಕೇಳಿಯೇ ಬರೆಯಬೇಕು ಎಂದು ಹೇಳಿದ್ದವಳು ಆಕೆ. ಹದಿನೆಂಟು ವರ್ಷ ಒಬ್ಬರನ್ನೂ ಬಿಡದೆ ಕೇಳಿದವಳನ್ನು ಈಗ ಕೇಳಬೇಕಾದವನು ತಾನೊಬ್ಬನೇ ಎಂದು ಸೂರ್ಯಕಾಂತನಿಗೆ ಅರ್ಥವಾಯಿತು.

ಕೋಠಿಯಿಂದ ಕೊಂಡಾಪುರಕ್ಕೆ ನೇರ ಬಸ್ಸಿದೆ. ಅವನು ಎರಡು ಸಲ ಸ್ಟಾಪಿನವರೆಗೆ ಹೋಗಿ ಬಂದ. ಮೂರನೆಯ ಸಲ ಬಸ್ಸು ಹತ್ತಿ ಅರ್ಧ ದಾರಿಗೂ ಮೊದಲೇ ಲಕಡಿಕಾಪೂಲಿನಲ್ಲಿ ಇಳಿದುಬಿಟ್ಟ. ಒಂದು ಭಾನುವಾರ ಮಾತ್ರ ಧೈರ್ಯ ಮಾಡಿ ಫೋನು ಮಾಡಿದ. ಸುವರ್ಣಾ ಎತ್ತಿಕೊಂಡಳು.

“ಅವ್ವ ಇಲ್ಲೇ ಅದಾಳ್ರಿ ಸರ್. ಏನರೆ ಕೇಳೋದಿತ್ತೇನ್ರಿ? ಕೊಡ್ಲೇನು?”

ಹಿಂದೆ ಪಾತ್ರೆ ತೊಳೆಯುವ ಸಪ್ಪಳ ನಿಂತದ್ದು ಅವನಿಗೆ ಕೇಳಿಸಿತು. ಆಕೆ ಕಾಯುತ್ತಿದ್ದಾಳೆ ಎನಿಸಿತು.

“ಏನಿಲ್ಲವ್ವ,” ಎಂದ ಸೂರ್ಯಕಾಂತ. “ಸುಮ್ಮ ಮಾಡಿದ್ದೆ. ಆರಾಮ ಅದಾಳಂದ್ರ ಸಾಕು.”

ಅವನಿಗೆ ಬಡ್ತಿ ಬಂದಿದೆ. ಹೊಸ ಚಿಲಕ ಹಾಕಿಸಿದ ಆ ವರ್ಷ ಆಟ ಬಿಟ್ಟ ಹುಡುಗಿಯರು ಎಷ್ಟು ಎಂದು ಯಾರಿಗೂ ಗೊತ್ತಿಲ್ಲ, ಹೊಸ ಅಟೆಂಡರ್ ನಾಲ್ಕೇ ಕಾಲಂ ತುಂಬುತ್ತಾನೆ. ಏಳನೆಯ ನೋಟ್‌ಬುಕ್ ಸೂರ್ಯಕಾಂತನ ಮೇಜಿನ ಖಾನೆಯಲ್ಲಿದೆ, ಅದರೊಳಗೆ ಆಕೆಯ ಇನ್ನೊಂದು ಫೋಟೋ. ಆಗಾಗ ಬಾಗಿಲು ಮುಂದೆ ಮಾಡಿಕೊಂಡು ಆ ಪುಟ ತೆರೆಯುತ್ತಾನೆ. ಆರುನೂರ ಹದಿಮೂರರ ಮುಂದಿನ ಜಾಗ ಇನ್ನೂ ಖಾಲಿಯೇ ಇದೆ.